ಮನೆಯಲ್ಲೇ ಬ್ಲೌಸ್ ಹೊಲಿಯುವ ಅಕ್ಕನಿಗೆ ಲೆಕ್ಕ ಇಡಲು ಯಾವುದು ಸರಿ? ಆ್ಯಪಾ, ಪುಸ್ತಕವಾ?

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ ದಾವಣಗೆರೆಯಲ್ಲಿ ಮನೆಯ ಮುಂದಿನ ರೂಮಿನಲ್ಲೇ ಟೈಲರಿಂಗ್ ಮಾಡುತ್ತಾರೆ. ಬ್ಲೌಸ್, ಚೂಡಿದಾರ್, ಫಾಲ್ಸ್, ಜಿಗ್‌ಜಾಗ್, ಸೀರೆ ಕುಚ್ಚು ಎಲ್ಲಾ ಉಂಟು. ಕೆಲಸ ಅಚ್ಚುಕಟ್ಟು, ಹಾಗಾಗಿ ಅಕ್ಕಪಕ್ಕದ ಎರಡು ಮೂರು ಬಡಾವಣೆಯವರು ಅವರ ಹತ್ತಿರವೇ ಬರುತ್ತಾರೆ. ಶ್ರಾವಣ ಶುರುವಾದರೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ.

ಆದರೆ ಲೆಕ್ಕ ಅಂತ ಕೇಳಿದರೆ ಕೈಗೆ ಏನೂ ಸಿಗುವುದಿಲ್ಲ. ಅಡ್ವಾನ್ಸ್ ಕೊಟ್ಟವರ ಹೆಸರು ಗೋಡೆ ಕ್ಯಾಲೆಂಡರ್ ಮೇಲೆ, ಬಾಕಿ ಇರುವವರ ಹೆಸರು ಮಕ್ಕಳ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ, ಉಳಿದದ್ದೆಲ್ಲಾ ತಲೆಯಲ್ಲಿ. ಫೋನ್‌ಪೇಗೆ ಬಂದ ದುಡ್ಡು ಮನೆ ಖಾತೆಗೇ ಹೋಗುತ್ತದೆ. ಅದೇ ಖಾತೆಯಿಂದ ಗ್ಯಾಸು, ಮಕ್ಕಳ ಫೀಸು, ಸಂಘದ ಕಂತು ಎಲ್ಲಾ ಹೋಗುತ್ತದೆ.

ಈಗ ಒಂದು ಜೂಕಿ ಕಂಪನಿಯ ಹೊಲಿಗೆ ಮಷೀನ್ ತಗೊಂಡು, ಸಹಾಯಕ್ಕೆ ಒಬ್ಬ ಹುಡುಗಿಯನ್ನು ಇಟ್ಟುಕೊಳ್ಳಬೇಕು ಅಂತ ಅವರ ಆಸೆ. ಸಾಲ ಕೇಳೋಕೆ ಹೋದರೆ ಬ್ಯಾಂಕಿನವರು ಕೇಳಿದ ಮೊದಲನೇ ಪ್ರಶ್ನೆ, ತಿಂಗಳಿಗೆ ಎಷ್ಟು ವ್ಯಾಪಾರ ಆಗುತ್ತದೆ ಅಂತ. ಅಕ್ಕನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ದುಡಿಯುವ ಹೆಂಗಸು ಆ ಕುರ್ಚಿಯಲ್ಲಿ ಸುಮ್ನೆ ಕೂತಿದ್ದು ನೋಡಿ ನನಗೆ ತುಂಬಾ ಬೇಜಾರಾಯಿತು.

ನಾನಿರುವುದು ಬೆಂಗಳೂರಿನಲ್ಲಿ. ಒಬ್ಬ ಸ್ನೇಹಿತ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಹಾಕಿಕೊಡು ಅಂತಾನೆ, ಇನ್ನೊಬ್ಬ ವ್ಯಾಪಾರ್ ಆ್ಯಪ್ ಅಂತಾನೆ, ಮತ್ತೊಬ್ಬ ಖಾತಾಬುಕ್ ಆ್ಯಪ್ ಸಾಕು ಅಂತಾನೆ. ಅಕ್ಕ ಓದಿರುವುದು ಎಸ್ಸೆಸ್ಸೆಲ್ಸಿ. ಸಾಧಾರಣ ಆಂಡ್ರಾಯ್ಡ್ ಫೋನ್ ಇದೆ, ವಾಟ್ಸ್ಆ್ಯಪ್ ಚೆನ್ನಾಗಿ ಬಳಸುತ್ತಾರೆ. ಇಂಗ್ಲಿಷ್ ಓದೋದು ನಿಧಾನ. ಯಾವುದು ಹಾಕಿಕೊಟ್ಟರೆ ಎರಡು ತಿಂಗಳಲ್ಲಿ ಬಿಟ್ಟುಬಿಡದೆ ಮುಂದುವರಿಸುತ್ತಾರೆ? ಜಿಎಸ್‌ಟಿ ಏನಾದರೂ ಬರುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.


ಹುಬ್ಬಳ್ಳಿ ಲೆಕ್ಕಿಗ:

ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಪ್ರಶ್ನೆ ದಿನಾ ಬರುತ್ತದೆ. ಮೊದಲು ಟ್ಯಾಲಿ ಬಿಡಿ. ಒಳ್ಳೇ ಸಾಫ್ಟ್‌ವೇರ್, ನಮ್ಮ ಬೆಂಗಳೂರಿನ ಕಂಪನಿಯದ್ದೇ, ನಾವು ದಿನವಿಡೀ ಅದರ ಮುಂದೆಯೇ ಇರುತ್ತೇವೆ. ಆದರೆ ಅದು ಕಂಪ್ಯೂಟರ್ ಇಟ್ಟುಕೊಂಡು, ಬರೆಯೋಕೆ ಅಂತ ಒಬ್ಬರು ಇರುವ ಅಂಗಡಿಗೆ ಸರಿ. ನಿಮ್ಮ ಅಕ್ಕನಿಗೆ ಬೇಡ.

ಆ್ಯಪ್ ಆರಿಸುವ ಮೊದಲು ಒಂದು ಕೆಲಸ ಮಾಡಿ. ಅವರ ಹೆಸರಿನಲ್ಲೇ ಇನ್ನೊಂದು ಬ್ಯಾಂಕ್ ಖಾತೆ ತೆರೆಸಿ. ಕರೆಂಟ್ ಅಕೌಂಟ್ ಆದರೆ ಕನಿಷ್ಠ ಬ್ಯಾಲೆನ್ಸ್ ಎಷ್ಟಿರಬೇಕು ಅಂತ ಮೊದಲೇ ಕೇಳಿಕೊಳ್ಳಿ. ಟೈಲರಿಂಗ್‌ನ ಕ್ಯೂಆರ್ ಆ ಖಾತೆಗೆ ಜೋಡಿಸಿ, ಪ್ರಿಂಟ್ ತೆಗೆದು ಮಷೀನ್ ಪಕ್ಕ ಅಂಟಿಸಿ. ಅಕ್ಕನಿಗೆ ಮನೆ ಖರ್ಚಿಗೆ ಬೇಕಾದರೆ ವಾರಕ್ಕೊಮ್ಮೆ ಅಲ್ಲಿಂದ ಮನೆ ಖಾತೆಗೆ ಹಾಕಿಕೊಳ್ಳಲಿ. ಇಷ್ಟು ಮಾಡಿದರೆ ಅರ್ಧ ಲೆಕ್ಕ ಬ್ಯಾಂಕ್ ಸ್ಟೇಟ್‌ಮೆಂಟೇ ಬರೆದುಕೊಡುತ್ತದೆ. ಇದನ್ನು ಮಾಡದೆ ಎಂಥ ಆ್ಯಪ್ ಹಾಕಿದರೂ, ಅಣ್ಣ ಕಳಿಸಿದ ಹಬ್ಬದ ದುಡ್ಡು, ಗಿರಾಕಿ ಕೊಟ್ಟ ದುಡ್ಡು ಎರಡೂ ಒಂದೇ ಕಡೆ ಬಿದ್ದಿರುತ್ತವೆ, ವರ್ಷದ ಕೊನೆಗೆ ಯಾವುದು ಯಾವುದು ಅಂತ ಹೇಳೋಕೆ ಯಾರಿಂದಲೂ ಆಗುವುದಿಲ್ಲ.

ಜಿಎಸ್‌ಟಿ ವಿಷಯ. ಗಿರಾಕಿ ತಂದ ಬಟ್ಟೆ ಹೊಲಿದುಕೊಡುವುದು ಸೇವೆ. ಸೇವೆಗೆ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ಹೊಲಿಗೆಯ ಜೊತೆ ಸೀರೆನೂ ಮಾರಿದರೆ ಎರಡೂ ಸೇರಿ 20 ಲಕ್ಷ ಅಂತಲೇ ಇಟ್ಟುಕೊಳ್ಳಿ. ಇದು ಲಾಭದ ಮೊತ್ತ ಅಲ್ಲ, ಬಂದ ದುಡ್ಡಿನ ಮೊತ್ತ, ಅದು ನೆನಪಿರಲಿ.


ಸೂಜಿದಾರ:

ನಾನೂ ಟೈಲರ್, ಹಾಸನ. ಅಕ್ಕನ ಪರಿಸ್ಥಿತಿ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಮಾತು ಹೇಳುತ್ತೇನೆ. ನಮ್ಮ ಕೆಲಸದಲ್ಲಿ ಲೆಕ್ಕ ತಪ್ಪುವುದು ತಿಂಗಳ ಕೊನೆಗೆ ಅಲ್ಲ, ಬಟ್ಟೆ ಕೈಗೆ ತಗೊಳ್ಳುವ ಹೊತ್ತಿಗೇ. ಒಬ್ಬರು ಅಳತೆ ಬ್ಲೌಸ್ ಕೊಡುತ್ತಿರುತ್ತಾರೆ, ಇನ್ನೊಬ್ಬರು ಬಾಗಿಲಲ್ಲಿ ನಿಂತು ನಂದು ಆಯ್ತಾ ಅಂತಾರೆ, ಆಗ ಇನ್ನೂರು ರೂಪಾಯಿ ಅಡ್ವಾನ್ಸ್ ಯಾರು ಕೊಟ್ಟರು ಅನ್ನೋದು ಹಾರಿಹೋಗುತ್ತದೆ. ಆ ಗಳಿಗೆಯಲ್ಲಿ ಫೋನ್ ತೆಗೆದು, ಲಾಕ್ ಬಿಚ್ಚಿ, ಆ್ಯಪ್ ತೆರೆದು, ಹೆಸರು ಹುಡುಕಿ ಹಾಕೋಕೆ ಆಗುವುದಿಲ್ಲ. ಕೈಯಲ್ಲಿ ಕತ್ತರಿ ಇರುತ್ತದೆ, ಚಾಕ್‌ಪೀಸ್ ಧೂಳು ಇರುತ್ತದೆ.

ಹಾಗಾಗಿ ಬಿಲ್ ಬುಕ್ ಮಾಡಿಸಿ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಂಬರ್ ಹಾಕಿ, ಕಾರ್ಬನ್ ಇಟ್ಟು ಬರೆಯುವಂಥ ಎರಡು ಪ್ರತಿಯ ಪುಸ್ತಕ ಮಾಡಿಕೊಡುತ್ತಾರೆ. ಅದರಲ್ಲಿ ಹೆಸರು, ಫೋನ್ ನಂಬರ್, ಕೊಟ್ಟ ದಿನ, ಕೊಡುವ ದಿನ, ಏನೇನು ಕೆಲಸ, ರೇಟು, ಅಡ್ವಾನ್ಸ್, ಬಾಕಿ. ಇಷ್ಟೇ. ಮೇಲಿನ ಚೀಟಿ ಗಿರಾಕಿಗೆ, ಕೆಳಗಿನದು ಪುಸ್ತಕದಲ್ಲೇ ಉಳಿಯುತ್ತದೆ. ಬಟ್ಟೆಯ ಮೂಲೆಯಿಂದ ಒಂದು ಚೂರು ಕತ್ತರಿಸಿ ಪುಸ್ತಕದ ಪ್ರತಿಗೆ ಪಿನ್ ಹೊಡೆಯಿರಿ, ಬಟ್ಟೆಗೂ ಅದೇ ನಂಬರಿನ ಚೀಟಿ ಹಾಕಿ. ಯಾರ ಸೀರೆ, ಯಾವ ಬ್ಲೌಸು ಅನ್ನುವ ಗೊಂದಲವೂ ತಪ್ಪುತ್ತದೆ. ನನ್ನ ಹತ್ತಿರ ಬರುವವರು ಈಗ ಚೀಟಿ ತೋರಿಸಿಯೇ ಬಟ್ಟೆ ಕೇಳುತ್ತಾರೆ, ಬಾಕಿ ಎಷ್ಟು ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ, ಚೀಟಿಯಲ್ಲೇ ಇರುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಲೈನಿಂಗ್ ಬ್ಲೌಸ್‌ಗೆ 450 ತಗೊಂಡರೆ ಅದು ಪೂರ್ತಿ ನಿಮ್ಮ ಮಜೂರಿ ಅಲ್ಲ. ಲೈನಿಂಗ್ ಬಟ್ಟೆ ನಾವೇ ಹಾಕಿದರೆ ಅದಕ್ಕೆ 90, ಹುಕ್ಕು ದಾರ ಎಲ್ಲಾ ಸೇರಿ 15 ಅಂತಿಟ್ಟುಕೊಳ್ಳಿ. ಉಳಿಯುವುದು 345. ಬಿಲ್ಲಿನಲ್ಲಿ ಸಾಮಾನು ಬೇರೆ, ಹೊಲಿಗೆ ಬೇರೆ ಬರೆದರೆ ಅಕ್ಕನಿಗೇ ಗೊತ್ತಾಗುತ್ತದೆ ಯಾವ ಕೆಲಸದಲ್ಲಿ ಕಾಸು ಉಳಿಯುತ್ತದೆ, ಯಾವುದು ಸುಮ್ನೆ ಹೊತ್ತು ತಿನ್ನುತ್ತದೆ ಅಂತ. ಕುಚ್ಚು ಕಟ್ಟೋಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಒಂದು ತಿಂಗಳು ಬರೆದಿಡಲಿ, ಆಮೇಲೆ ರೇಟು ಅವರೇ ಏರಿಸುತ್ತಾರೆ.


ಕೋಡುಬಳೆ:

ಸೂಜಿದಾರ ಅಕ್ಕಾ, ಬಿಲ್ ಬುಕ್ ಒಪ್ಪಿದೆ. ಆದರೆ ಪುಸ್ತಕ ಒಂದನ್ನೇ ನಂಬುವುದು ನನಗೆ ಸರಿ ಕಾಣುವುದಿಲ್ಲ. ಕಳೆದರೆ? ನೀರು ಬಿದ್ದರೆ? ಮತ್ತೆ ಮೂರು ತಿಂಗಳ ಹಿಂದಿನ ಬಾಕಿ ಹುಡುಕಬೇಕು ಅಂದರೆ ಪುಟ ಪುಟ ತಿರುವಬೇಕು.

ಬಾಕಿ ನೋಡಿಕೊಳ್ಳೋಕೆ ಮಾತ್ರ ಖಾತಾಬುಕ್ ಅಥವಾ ಓಕೆಕ್ರೆಡಿಟ್ ಸಾಕು. ಎರಡನ್ನೂ ಕನ್ನಡದಲ್ಲೇ ಬಳಸಬಹುದು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಖಾತೆ, ಕೊಟ್ಟಿದ್ದು ಎಷ್ಟು, ಬಂದಿದ್ದು ಎಷ್ಟು, ಅಷ್ಟೇ. ಫೋನ್ ಹೋದರೂ ಅದೇ ನಂಬರಿನಲ್ಲಿ ಲಾಗಿನ್ ಆದರೆ ಲೆಕ್ಕ ವಾಪಸ್ ಸಿಗುತ್ತದೆ. ವ್ಯಾಪಾರ್, ಮೈಬಿಲ್‌ಬುಕ್ ಥರದವು ಸ್ಟಾಕು, ಜಿಎಸ್‌ಟಿ ಬಿಲ್ಲು ಬೇಕಾದವರಿಗೆ. ರೆಡಿಮೇಡ್ ಬಟ್ಟೆ ಅಂಗಡಿ ಇಟ್ಟರೆ ಆಗ ನೋಡಿದರಾಯಿತು.

ಇಲ್ಲಾಂದ್ರೆ ಗೂಗಲ್ ಶೀಟ್ಸ್. ದಿನಕ್ಕೆ ಒಂದೇ ಸಾಲು. ತಾರೀಖು, ನಗದು ಬಂದಿದ್ದು, ಫೋನ್‌ಪೇ ಬಂದಿದ್ದು, ಸಾಮಾನಿನ ಖರ್ಚು, ಮನೆಗೆ ತಗೊಂಡಿದ್ದು. ತಿಂಗಳ ಕೊನೆಗೆ ಮೊತ್ತ ತಾನೇ ಬರುತ್ತದೆ. ನೀವು ಬೆಂಗಳೂರಿನಿಂದಲೇ ತೆರೆದು ನೋಡಬಹುದು. ಅಕ್ಕ ಪುಸ್ತಕದ ಫೋಟೋ ವಾಟ್ಸ್ಆ್ಯಪ್ ಮಾಡಿದರೆ ನೀವೇ ತುಂಬಿಸಿಬಿಡಿ, ಅವರಿಗೆ ಆ ತಲೆನೋವೂ ಬೇಡ.


ಮಲೆನಾಡ ಮಗಳು:

ಕೊನೇ ಮಾತು ಒಂದನ್ನು ನಾನು ಒಪ್ಪುವುದಿಲ್ಲ. ತಮ್ಮ ಬೆಂಗಳೂರಿನಲ್ಲಿ ಕೂತು ಲೆಕ್ಕ ತುಂಬಿಸಿದರೆ ಅದು ತಮ್ಮನ ಲೆಕ್ಕ ಆಗುತ್ತದೆ. ಬ್ಯಾಂಕಿನ ಕುರ್ಚಿಯಲ್ಲಿ ಕೂರುವುದು ಅಕ್ಕ. ಅಲ್ಲಿ ಕೇಳಿದಾಗ, ತಡೀರಿ ನನ್ನ ತಮ್ಮನಿಗೆ ಫೋನ್ ಮಾಡ್ತೀನಿ ಅಂತ ಹೇಳುವ ಹಾಗಾಗಬಾರದು ಅಲ್ವಾ. ನಮ್ಮಮ್ಮ ಸಾಗರದಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ತಿಂಗಳ ಮೊತ್ತ ಅವರೇ ಕೂಡಿಸಿ ಅವರೇ ಬರೆಯುತ್ತಾರೆ, ನಾನು ಸರಿ ಇದೆಯಾ ಅಂತ ನೋಡುತ್ತೇನೆ ಅಷ್ಟೇ. ಆಲೆಮನೆ ಸೀಸನ್‌ನಲ್ಲಿ ಬೆಲ್ಲ ಎಷ್ಟು ತೆಗೆದಿಡಬೇಕು ಅನ್ನೋದನ್ನು ಆ ಪುಸ್ತಕ ನೋಡಿಯೇ ತೀರ್ಮಾನ ಮಾಡುತ್ತಾರೆ.

ಇನ್ನು ಖಾತಾಬುಕ್ ಹಾಕಿಕೊಟ್ಟರೆ ಮೊದಲ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಎಸ್ಸೆಮ್ಮೆಸ್ ವಿಷಯ ನೋಡಿ. ಎಂಟ್ರಿ ಹಾಕಿದ ಕೂಡಲೇ ಗಿರಾಕಿಗೆ ಮೆಸೇಜ್ ಹೋಗುತ್ತದೆ. ಕಿರಾಣಿ ಅಂಗಡಿಗೆ ಅದು ಅನುಕೂಲ. ಆದರೆ ಪಕ್ಕದ ಮನೆಯವರಿಗೆ, ದೇವಸ್ಥಾನದಲ್ಲಿ ದಿನಾ ಸಿಗುವವರಿಗೆ, ನಿಮ್ಮ ಬಾಕಿ 150 ರೂಪಾಯಿ ಅಂತ ಫೋನಿಗೆ ಮೆಸೇಜ್ ಹೋದರೆ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಹೆಂಗಸರ ಟೈಲರಿಂಗ್ ನಡೆಯುವುದೇ ಒಡನಾಟದ ಮೇಲೆ.

ಒಂದು ಪ್ರಶ್ನೆ. ಅಕ್ಕ ಸಂಘದ ಕಂತು ಕಟ್ಟುತ್ತಾರೆ ಅಂದಿರಿ. ಸಂಘದಲ್ಲಿ ಪುಸ್ತಕ ಯಾರು ಬರೆಯುತ್ತಾರೆ?


ಬೆಣ್ಣೆದೋಸೆ:

ಇಷ್ಟು ಜನ ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಲೆನಾಡ ಮಗಳು ಅವರೇ, ನಿಮ್ಮ ಪ್ರಶ್ನೆ ಓದಿ ಅಕ್ಕನಿಗೆ ಫೋನ್ ಮಾಡಿದೆ. ಸ್ತ್ರೀಶಕ್ತಿ ಸಂಘದ ಪುಸ್ತಕ ಅವರೇ ಬರೆಯುವುದಂತೆ! ಉಳಿತಾಯ, ಸಾಲ, ಬಡ್ಡಿ, ಠರಾವು ಎಲ್ಲಾ ಅವರದ್ದೇ ಕೈಬರಹ. ಒಂದು ಪುಟದ ಫೋಟೋ ಕಳಿಸಿದರು. ಗೆರೆ ಎಳೆದು, ಕೆಂಪು ಪೆನ್ನಿನಲ್ಲಿ ಮೊತ್ತ ಬರೆದು, ಕೆಳಗೆ ಎಲ್ಲರ ಸಹಿ ಹಾಕಿಸಿ ಎಷ್ಟು ನೀಟಾಗಿ ಇಟ್ಟಿದ್ದಾರೆ. ಹತ್ತಾರು ಜನರ ದುಡ್ಡಿಗೆ ಇಷ್ಟು ಚೆನ್ನಾಗಿ ಲೆಕ್ಕ ಇಡುವವರು ತಮ್ಮ ದುಡಿಮೆಗೆ ಯಾಕೆ ಇಡಲಿಲ್ಲ ಅಂತ ಕೇಳಿದೆ. ಅದು ಎಲ್ಲರ ದುಡ್ಡು, ಇದು ನಂದೇ ಅಲ್ವಾ ಅಂದರು.

ಹಾಗಾದರೆ ಬಿಲ್ ಬುಕ್ ಜೊತೆಗೆ ದಿನದ ಜಮಾ ಖರ್ಚು ಬರೆಯೋಕೆ ಒಂದು ಪುಸ್ತಕ ಇಟ್ಟರೆ ಸಾಕಾ? ಹೇಗೆ ಬರೆಯಬೇಕು ಅಂತ ಯಾರಾದರೂ ಒಂದು ದಿನದ್ದು ಬರೆದು ತೋರಿಸುತ್ತೀರಾ? ಮತ್ತೆ ಫೋನ್‌ಪೇ ಥರದ ಯುಪಿಐ ಲೆಕ್ಕ ನೋಡಿ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಸುದ್ದಿ ಕೇಳಿದಾಗಿಂದ ಭಾವ ಹೆದರಿದ್ದಾರೆ. ಎಲ್ಲಾ ನಗದೇ ತಗೊ ಅಂತಾರೆ.


ಹುಬ್ಬಳ್ಳಿ ಲೆಕ್ಕಿಗ:

ಸಂಘದ ಪುಸ್ತಕ ಬರೆಯುವವರಿಗೆ ನಾನು ಹೊಸದಾಗಿ ಹೇಳಿಕೊಡುವುದು ಏನೂ ಇಲ್ಲ. ಅದೇ ಅಳತೆಯ ಪುಸ್ತಕ, ಅದೇ ಕೆಂಪು ಪೆನ್ನು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಒಂದು ದಿನದ್ದು ಹೀಗಿರುತ್ತದೆ.

ಬೆಳಿಗ್ಗೆ ಡಬ್ಬದಲ್ಲಿ ಇದ್ದದ್ದು 500. ಬಿಲ್ ನಂಬರ್ 214, ಎರಡು ಲೈನಿಂಗ್ ಬ್ಲೌಸು, ಒಂದು ಫಾಲ್ಸ್ ಜಿಗ್‌ಜಾಗ್, ಒಟ್ಟು 1,000, ಅಡ್ವಾನ್ಸ್ 400 ಫೋನ್‌ಪೇ, ಬಾಕಿ 600. ಈ ಬಾಕಿ ಬಿಲ್ ಬುಕ್ಕಿನಲ್ಲಿ ಇರಲಿ, ದಿನದ ಪುಸ್ತಕದಲ್ಲಿ ಜಮಾ ಬರೆಯುವುದು ಕೈಗೆ ಬಂದ 400 ಮಾತ್ರ. ಬಿಲ್ ನಂಬರ್ 198ರ ಬಾಕಿ ಬಂತು, 350 ನಗದು. ಬಲಗಡೆ, ಲೈನಿಂಗ್ ಬಟ್ಟೆ 180, ದಾರ ಹುಕ್ಕು 60, ಮನೆಗೆ ತಗೊಂಡಿದ್ದು 300. ಈ ಖರ್ಚೆಲ್ಲಾ ನಗದು ಕೊಟ್ಟದ್ದು. ಫೋನ್‌ಪೇ 400 ಖಾತೆಗೆ ಹೋಗಿದೆ, ಹಾಗಾಗಿ ಅದು ಬಿಟ್ಟು ರಾತ್ರಿ ಡಬ್ಬ ಎಣಿಸಿದರೆ 310 ಇರಬೇಕು. ಇದ್ದರೆ ಆ ದಿನದ್ದು ಸರಿ. ಹೆಚ್ಚು ಕಮ್ಮಿ ಬಂದರೆ ಅವತ್ತೇ ನೆನಪು ಮಾಡಿಕೊಳ್ಳೋಕೆ ಸುಲಭ.

ಮನೆಗೆ ತಗೊಂಡಿದ್ದನ್ನು ಸಾಮಾನಿನ ಖರ್ಚಿನ ಜೊತೆ ಸೇರಿಸಬೇಡಿ. ಆ ಕಾಲಂ ಬೇರೆಯೇ ಇರಲಿ. ಅದು ಅವರ ದುಡಿಮೆ. ಖರ್ಚು ಅಂತ ಬರೆದರೆ ವರ್ಷಪೂರ್ತಿ ಏನೂ ಉಳಿಯಲೇ ಇಲ್ಲ ಅಂತ ಕಾಣುತ್ತದೆ, ಸಾಲ ಕೊಡುವವರಿಗೂ ಹಾಗೇ ಕಾಣುತ್ತದೆ. ಸಹಾಯಕ್ಕೆ ಹುಡುಗಿ ಬಂದ ಮೇಲೆ ಅವಳ ಬಟವಾಡೆಗೂ ಒಂದು ಕಾಲಂ ಮಾಡಿ, ಪ್ರತಿ ವಾರ ಸಹಿ ಹಾಕಿಸಿ. ವಾರಕ್ಕೊಮ್ಮೆ ಪುಟಗಳ ಫೋಟೋ ತೆಗೆದು ನಿಮಗೆ ವಾಟ್ಸ್ಆ್ಯಪ್ ಮಾಡಲಿ, ಕೋಡುಬಳೆ ಅವರು ಹೇಳಿದ ಕಳೆದುಹೋಗುವ ಭಯಕ್ಕೆ ಅಷ್ಟು ಸಾಕು.

ಭಾವನಿಗೆ ಹೀಗೆ ಹೇಳಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ನಗದು ಮಾತ್ರ ಅಂತ ಬೋರ್ಡ್ ಬಿತ್ತು, ನಿಜ. ಆದರೆ ಮಿತಿ ಇರುವುದು ಒಟ್ಟು ವಹಿವಾಟಿಗೆ. ನಗದು ತಗೊಂಡರೂ ಅದು ವಹಿವಾಟೇ. ತಿಂಗಳಿಗೆ 40,000 ಬಂದರೆ ವರ್ಷಕ್ಕೆ 4,80,000. 20 ಲಕ್ಷ ಎಲ್ಲಿ, ಇದೆಲ್ಲಿ. ಯುಪಿಐ ನಿಲ್ಲಿಸಿದರೆ ನಷ್ಟ ನಿಮಗೇ, ಯಾಕೆಂದರೆ ಬ್ಯಾಂಕಿಗೆ ತೋರಿಸೋಕೆ ಇರುವ ಗಟ್ಟಿ ದಾಖಲೆ ಅದೇ. ನೋಟಿಸ್ ಯಾವತ್ತಾದರೂ ಬಂದರೂ ಟೈಲರಿಂಗ್ ಖಾತೆ ಬೇರೆ ಇದ್ದರೆ, ಬಿಲ್ ಬುಕ್ ಇದ್ದರೆ, ಉತ್ತರ ಕೊಡುವುದು ಕಷ್ಟ ಅಲ್ಲ.

ಆದಾಯ ತೆರಿಗೆಯಲ್ಲಿ ಅಂದಾಜು ಆದಾಯ ತೋರಿಸೋಕೆ ಒಂದು ಕಲಂ ಇದೆ, 1961ರ ಕಾಯ್ದೆಯಲ್ಲಿ ಅದರ ನಂಬರ್ 44ಎಡಿ. ಸಣ್ಣ ವ್ಯಾಪಾರಿಗಳು ನಗದು ವಹಿವಾಟಿನ 8 ಪರ್ಸೆಂಟು, ಬ್ಯಾಂಕು ಯುಪಿಐ ಮೂಲಕ ಬಂದದ್ದರ 6 ಪರ್ಸೆಂಟು ಆದಾಯ ಅಂತ ತೋರಿಸಿ ರಿಟರ್ನ್ ಹಾಕಬಹುದು. 4,80,000ದಲ್ಲಿ 3,00,000 ಯುಪಿಐ, 1,80,000 ನಗದು ಆದರೆ 18,000 ಮತ್ತು 14,400, ಒಟ್ಟು 32,400. ಆದರೆ ಇದು ಕನಿಷ್ಠ. ನಿಜವಾಗಿ ಉಳಿದದ್ದು ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಬೇಕು, ಟೈಲರಿಂಗ್‌ನಲ್ಲಿ ಖಂಡಿತ ಜಾಸ್ತಿ ಇರುತ್ತದೆ. ಅದರಿಂದ ಹೆದರಬೇಕಾಗಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಕಟ್ಟುವುದೇ ಇಲ್ಲ. ತೆರಿಗೆ ಇಲ್ಲದಿದ್ದರೂ ರಿಟರ್ನ್ ಹಾಕಿ, ಸಾಲಕ್ಕೆ ಬೇಕಾಗುತ್ತದೆ.


ಸೂಜಿದಾರ:

ಸಾಲದ ವಿಷಯಕ್ಕೆ ಒಂದು. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬು ಇವೆ, ಅದರಲ್ಲಿ ದರ್ಜಿ ಕೆಲಸವೂ ಇದೆ. ಮೊದಲು 1 ಲಕ್ಷ, ಅದು ತೀರಿಸಿದ ಮೇಲೆ 2 ಲಕ್ಷ, ಬಡ್ಡಿ 5 ಪರ್ಸೆಂಟು. ತರಬೇತಿಯೂ ಇದೆ, ಸಲಕರಣೆಗೆ 15,000 ಕೂಡ ಇದೆ. ಮನೆಯಲ್ಲಿ ಒಬ್ಬರಿಗೆ ಮಾತ್ರ. ಮುದ್ರಾ ಸಾಲ ತಗೊಂಡು ಇನ್ನೂ ತೀರದಿದ್ದರೆ ಇದು ಸಿಗುವುದಿಲ್ಲ, ಹಾಗಾಗಿ ಯಾವುದು ಮೊದಲು ಅಂತ ನೋಡಿಕೊಂಡು ಅರ್ಜಿ ಹಾಕಿ. ಸಿಎಸ್‌ಸಿ ಅಂದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿಯನ್ನೂ ಮಾಡಿಸಿ, ಸರ್ಕಾರದ ವೆಬ್‌ಸೈಟಿನಲ್ಲಿ ಅದು ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ಖಾಸಗಿ ವೆಬ್‌ಸೈಟುಗಳೂ ಇವೆ, ಅಲ್ಲಿ ಕಟ್ಟಬೇಡಿ.

ಮತ್ತೆ ಆಷಾಢ ಮರೆಯಬೇಡಿ. ಮದುವೆ ಇರುವುದಿಲ್ಲ, ಬ್ಲೌಸ್ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಒಂದು ವರ್ಷದ ಪುಸ್ತಕ ಕೈಯಲ್ಲಿದ್ದರೆ ಆ ತಿಂಗಳಿಗೆ ಎಷ್ಟು ತೆಗೆದಿಡಬೇಕು ಅಂತ ನೋಡಿ ಹೇಳಬಹುದು. ಕಂತು ಗೊತ್ತು ಮಾಡುವಾಗ ಶ್ರಾವಣದ ಆದಾಯ ನೋಡಿ ಒಪ್ಪಿಕೊಳ್ಳಬೇಡಿ, ಆಷಾಢದ್ದನ್ನು ನೋಡಿ.


ಕೋಡುಬಳೆ:

ಮಲೆನಾಡ ಮಗಳು ಹೇಳಿದ್ದು ಸರಿ ಇದೆ, ಮೊತ್ತ ಅಕ್ಕನೇ ಹಾಕಲಿ. ಶೀಟ್ ಬೇಕು ಅನ್ನಿಸಿದರೆ ಆರು ತಿಂಗಳ ಮೇಲೆ ಅವರ ಫೋನಿನಲ್ಲೇ ಮಾಡಿಕೊಡಿ, ತಿಂಗಳಿಗೆ ಒಂದೇ ಸಾಲು. ಫೋನಿನ ಜಿಬೋರ್ಡ್ ಕೀಬೋರ್ಡ್‌ನಲ್ಲಿ ಕನ್ನಡ ಹಾಕಿ ಮೈಕ್ ಒತ್ತಿ ಮಾತಾಡಿದರೆ ತಾನೇ ಟೈಪ್ ಆಗುತ್ತದೆ, ವಾಟ್ಸ್ಆ್ಯಪ್ ಬಳಸುವವರಿಗೆ ಅದು ಕಷ್ಟ ಆಗುವುದಿಲ್ಲ.


ಬೆಣ್ಣೆದೋಸೆ:

ಅಕ್ಕನಿಗೆ ಇದನ್ನೆಲ್ಲಾ ಓದಿ ಹೇಳಿದೆ. ಬಿಲ್ ಬುಕ್ ಅವರಿಗೆ ತುಂಬಾ ಹಿಡಿಸಿತು, ಬಟ್ಟೆ ಚೂರು ಪಿನ್ ಹೊಡೆಯುವುದಂತೂ ಇನ್ನೂ ಹಿಡಿಸಿತು. ಪ್ರೆಸ್ಸಿಗೆ ಅವರೇ ಹೋಗುತ್ತೇನೆ ಅಂದಿದ್ದಾರೆ. ಖಾತೆ ತೆರೆಸೋಕೆ ನಾನು ಊರಿಗೆ ಹೋಗುತ್ತೇನೆ. ಕೊನೇದಾಗಿ ಒಂದು. ಕ್ಯಾಲೆಂಡರ್, ನೋಟ್‌ಬುಕ್ ಮೇಲಿರುವ ಹಳೇ ಬಾಕಿಗಳನ್ನು ಏನು ಮಾಡುವುದು?


ಹುಬ್ಬಳ್ಳಿ ಲೆಕ್ಕಿಗ:

ಹೊಸ ಪುಸ್ತಕದ ಮೊದಲ ಎರಡು ಹಾಳೆ ಅದಕ್ಕೇ ಬಿಡಿ. ಹೆಸರು, ಮೊತ್ತ, ನೆನಪಿದ್ದರೆ ಯಾವ ಕೆಲಸದ್ದು ಅಂತ ಬರೆಯಲಿ. ಅಕ್ಕನಿಗೇ ಖಾತ್ರಿ ಇಲ್ಲದ ಮೊತ್ತಗಳನ್ನು ಬರೆಯಬೇಡಿ, ಕೇಳಲೂ ಬೇಡಿ. ಉಳಿದವರನ್ನು ಮನೆಗೆ ಹುಡುಕಿಕೊಂಡು ಹೋಗಿ ಕೇಳುವುದು ಬೇಡ, ಮುಂದಿನ ಬಟ್ಟೆ ಕೊಡೋಕೆ ಬಂದಾಗ ಹೊಸ ಚೀಟಿಯಲ್ಲೇ ಹಿಂದಿನ ಬಾಕಿ ಅಂತ ಒಂದು ಸಾಲು ಸೇರಿಸಿ ಬರೆದುಕೊಡಲಿ. ದುಡ್ಡು ಬಂದ ದಿನ ಆ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿದರೆ ಆಯಿತು.